ಏಡಿಯಿಂದ ಬಂದ ಹೆಸರು: ಕ್ಯಾನ್ಸರ್‌ಕಾರಕ ಎಂದರೇನು?

ಮಕ್ಕಳೇ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಮಾರಿಕುಪ್ಪಂ ಕಡೆಗೆ ಹೊರಟರೆ ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಂಬ ನಿಲ್ದಾಣಗಳು ಒಂದಾದ ಮೇಲೊಂದು ಬರುತ್ತವೆ. ಈ ದಾರಿಯ ಊರು ಕೆ.ಜಿ.ಎಫ್., ಅಂದರೆ ಕೋಲಾರ ಚಿನ್ನದ ಗಣಿ ಪ್ರದೇಶ. ಅಲ್ಲಿ ಬೂದು ಬಣ್ಣದ ದೊಡ್ಡ ದೊಡ್ಡ ಗುಡ್ಡಗಳು ಕಾಣಿಸುತ್ತವೆ. ಇವು ನಿಸರ್ಗ ಮಾಡಿದ ಗುಡ್ಡಗಳಲ್ಲ. ಗಣಿಯಿಂದ ತೆಗೆದ ಕಲ್ಲನ್ನು ಅರೆದು, ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ರಾಶಿಗಳು. ಊರಿನ ಜನ ಇವನ್ನು 'ಸೈನೈಡ್ ಗುಡ್ಡ' ಎಂದು ಕರೆಯುತ್ತಾರೆ. ಗಾಳಿ ಜೋರಾಗಿ ಬೀಸಿದರೆ ಇವುಗಳಿಂದ ಧೂಳು ಎದ್ದು ಮನೆಗಳ ಮೇಲೆ ಬಂದು ಕೂರುತ್ತದೆ.

ಒಮ್ಮೆ ನಾನು ಕೆ.ಜಿ.ಎಫ್.ನ ಶಾಲೆಯೊಂದಕ್ಕೆ ವಿಜ್ಞಾನ ಪಾಠ ಮಾಡಲು ಹೋಗಿದ್ದೆ. 7ನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಈ ಗುಡ್ಡದ ಧೂಳು ಕಾರ್ಸಿನೋಜೆನ್ ಅಂತ ಟಿ.ವಿ.ಯಲ್ಲಿ ಹೇಳಿದರು. ನಮ್ಮ ತಾತ ಗಣಿಯಲ್ಲಿ ಕೆಲಸ ಮಾಡಿದವರು. ಅವರಿಗೆ ತುಂಬಾ ಕೆಮ್ಮು. ನಮ್ಮ ಮನೆ ಗುಡ್ಡದ ಹತ್ತಿರವೇ ಇದೆ. ಹಾಗಾದರೆ ನಮಗೆಲ್ಲ ಕ್ಯಾನ್ಸರ್ ಬರುತ್ತದಾ?"

ಇಡೀ ತರಗತಿ ಸುಮ್ಮನಾಯಿತು. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಪ್ರಶ್ನೆ ಅದಾಗಿರಲಿಲ್ಲ. "ಮೊದಲು ಆ ಪದವನ್ನು ಕಪ್ಪು ಹಲಗೆಯ ಮೇಲೆ ಬರೆ, ಬಿಡಿಸಿ ನೋಡೋಣ" ಎಂದೆ. ಅಂದು ನಾವು ಬಿಡಿಸಿದ ಆ ಪದದ ಕತೆಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಪದದ ಒಳಗೊಂದು ಏಡಿ

'ಕಾರ್ಸಿನೋಜೆನ್' ಪದದಲ್ಲಿ ಎರಡು ಭಾಗಗಳಿವೆ. ಒಂದು 'ಕಾರ್ಸಿನೋ', ಇನ್ನೊಂದು 'ಜೆನ್'.

ಮೊದಲ ಭಾಗ ಗ್ರೀಕ್ ಭಾಷೆಯ 'ಕಾರ್ಕಿನೋಸ್' ಎಂಬ ಪದದಿಂದ ಬಂದಿದೆ. ಕಾರ್ಕಿನೋಸ್ ಎಂದರೆ ಏಡಿ! ಕೆರೆಯ ದಂಡೆಯಲ್ಲಿ, ಗದ್ದೆಯ ಬದುವಿನಲ್ಲಿ ಅಡ್ಡಡ್ಡ ಓಡುವ ಅದೇ ಏಡಿ. ಸುಮಾರು 2400 ವರ್ಷಗಳ ಹಿಂದೆ ಗ್ರೀಸ್ ದೇಶದಲ್ಲಿದ್ದ ಹಿಪ್ಪೊಕ್ರೇಟಿಸ್ ಮತ್ತು ಅವನ ಕಾಲದ ವೈದ್ಯರು ಮೈಯಲ್ಲಿ ಬೆಳೆಯುವ ಕೆಲವು ಕೆಟ್ಟ ಗಂಟುಗಳಿಗೆ ಈ ಹೆಸರನ್ನು ಬಳಸಿದರು. ಗಂಟಿನ ಸುತ್ತ ಊದಿಕೊಂಡ ರಕ್ತನಾಳಗಳು ಏಡಿಯ ಕಾಲುಗಳಂತೆ ಹರಡಿಕೊಂಡು ಕಾಣುತ್ತಿದ್ದುದೇ ಇದಕ್ಕೆ ಕಾರಣ ಎಂದು ಹೇಳುತ್ತಾರೆ. ಮುಂದೆ ರೋಮಿನವರು ಅದೇ ಅರ್ಥದ ತಮ್ಮ ಲ್ಯಾಟಿನ್ ಪದವನ್ನು ಬಳಸಿದರು. ಆ ಪದವೇ 'ಕ್ಯಾನ್ಸರ್'. ಅದರ ಅರ್ಥವೂ ಏಡಿ ಎಂದೇ.

ನಿಮಗೆ ಈಗ ಇನ್ನೊಂದು ಪದ ನೆನಪಾಗಿರಬೇಕು. ಭೂಗೋಳ ಪಾಠದಲ್ಲಿ 'ಕರ್ಕಾಟಕ ಸಂಕ್ರಾಂತಿ ವೃತ್ತ' ಬರುತ್ತದಲ್ಲವೇ? ಅಲ್ಲಿರುವ ಕರ್ಕಾಟಕವೂ ಏಡಿಯೇ. ಪಂಚಾಂಗದ ಕರ್ಕಾಟಕ ರಾಶಿಯ ಚಿತ್ರವೂ ಏಡಿಯೇ. ಸಂಸ್ಕೃತದ 'ಕರ್ಕಟ', ಗ್ರೀಕಿನ 'ಕಾರ್ಕಿನೋಸ್' ಇವೆರಡೂ ಸಂಬಂಧಿ ಪದಗಳು ಎಂದು ಭಾಷಾ ವಿಜ್ಞಾನಿಗಳು ಹೇಳುತ್ತಾರೆ. ಎಷ್ಟು ದೂರದ ನಂಟು ನೋಡಿ!

ಈ ಕಾಯಿಲೆಗೆ ನಮ್ಮ ಸುತ್ತಮುತ್ತ ಬೇರೆ ಹೆಸರುಗಳೂ ಇವೆ. ನಮ್ಮ ಪುಸ್ತಕಗಳಲ್ಲಿ 'ಅರ್ಬುದ' ಎಂದು ಬರೆಯುತ್ತಾರೆ. ಇದು ಗಂಟು, ಬಾವು ಎಂಬ ಅರ್ಥದಲ್ಲಿ ಪ್ರಾಚೀನ ಆಯುರ್ವೇದ ಗ್ರಂಥಗಳಲ್ಲಿ ಬಂದ ಪದ. 'ಏಡಿಗಂತಿ' ಎನ್ನುವವರೂ ಇದ್ದಾರೆ. ಕೆ.ಜಿ.ಎಫ್.ನಲ್ಲಿ ತಮಿಳು ಮಾತನಾಡುವ ನಿಮ್ಮ ಗೆಳೆಯರನ್ನು ಕೇಳಿ. ಅವರು 'ಪುಟ್ರುನೋಯ್' ಎನ್ನುತ್ತಾರೆ. ಪುಟ್ರು ಎಂದರೆ ನಮ್ಮ ಹುತ್ತ, ನೋಯ್ ಎಂದರೆ ಕಾಯಿಲೆ. ಹುತ್ತದಂತೆ ಬೆಳೆಯುವ ಕಾಯಿಲೆ! ಒಬ್ಬರಿಗೆ ಏಡಿ ಕಂಡಿತು, ಒಬ್ಬರಿಗೆ ಗಂಟು ಕಂಡಿತು, ಇನ್ನೊಬ್ಬರಿಗೆ ಹುತ್ತ ಕಂಡಿತು.

'ಜೆನ್' ಎಂದರೆ ಜನಕ

ಇನ್ನು ಎರಡನೆಯ ಭಾಗ. 'ಜೆನ್' ಎಂದರೆ ಹುಟ್ಟಿಸುವಂಥದ್ದು. ಇದು ನಿಮಗೆ ಹೊಸದೇನಲ್ಲ. ಹೈಡ್ರೋಜೆನ್ ಅನ್ನು ಕನ್ನಡದಲ್ಲಿ ಏನೆನ್ನುತ್ತೇವೆ? ಜಲಜನಕ. ಆಕ್ಸಿಜೆನ್? ಆಮ್ಲಜನಕ. ಅಲ್ಲಿರುವ 'ಜೆನ್', ಇಲ್ಲಿರುವ 'ಜನಕ' ಎರಡೂ ಒಂದೇ ಮೂಲದಿಂದ ಬಂದವು. ಜನನ, ಜನಕ, ಜನನಿ ಇವೆಲ್ಲ ಅದೇ ಕುಟುಂಬದ ಪದಗಳು.

ಈಗ ಎರಡೂ ಭಾಗಗಳನ್ನು ಕೂಡಿಸಿ. ಕಾರ್ಸಿನೋಜೆನ್ ಎಂದರೆ ಕ್ಯಾನ್ಸರ್ ಹುಟ್ಟಿಸುವಂಥದ್ದು. ಕನ್ನಡದಲ್ಲಿ 'ಕ್ಯಾನ್ಸರ್‌ಕಾರಕ' ಅಥವಾ 'ಅರ್ಬುದಜನಕ'.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಹೆಸರು ಯಾವಾಗಲೂ ಪೂರ್ತಿ ಸತ್ಯ ಹೇಳುವುದಿಲ್ಲ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರುತ್ತದೆ ಎಂದು 18ನೇ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿ ಲವಾಸಿಯೆ ಭಾವಿಸಿದ್ದರಿಂದ ಆಕ್ಸಿಜೆನ್‌ಗೆ ಆ ಹೆಸರು ಬಂತು. ಆಮೇಲೆ ಅದು ತಪ್ಪೆಂದು ತಿಳಿಯಿತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ! ಆದರೂ ಹೆಸರು ಉಳಿಯಿತು. ನಮ್ಮ ಬಂಗಾರಪೇಟೆಯನ್ನೇ ನೋಡಿ. ಚಿನ್ನದ ಗಣಿಯ ಪಕ್ಕದಲ್ಲಿರುವುದರಿಂದ ಆ ಹೆಸರು ಮೊದಲಿನಿಂದಲೂ ಇತ್ತು ಎಂದು ಹಲವರು ತಿಳಿದಿದ್ದಾರೆ. ಆದರೆ ಅದರ ಹಳೆಯ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಎಂಬವರ ಹೆಸರು ಅದು. 'ಕ್ಯಾನ್ಸರ್‌ಕಾರಕ' ಎಂಬ ಹೆಸರನ್ನೂ ಹೀಗೆಯೇ ಎಚ್ಚರಿಕೆಯಿಂದ ಓದಬೇಕು. ಏಕೆ ಎಂಬುದನ್ನು ಮುಂದೆ ನೋಡೋಣ.

ಮಸಿ ತೋರಿಸಿದ ದಾರಿ

ವಸ್ತುವೊಂದು ಕ್ಯಾನ್ಸರ್ ತರಬಲ್ಲದು ಎಂದು ಮೊದಲು ಗೊತ್ತಾದದ್ದು ಹೇಗೆ? ಇದರಲ್ಲಿ ನಿಮ್ಮ ವಯಸ್ಸಿನ ಮಕ್ಕಳ ದುಃಖದ ಕತೆಯಿದೆ.

18ನೇ ಶತಮಾನದಲ್ಲಿ ಲಂಡನ್ ನಗರದ ಮನೆಗಳಲ್ಲಿ ಕಲ್ಲಿದ್ದಲು ಉರಿಸುತ್ತಿದ್ದರು. ಹೊಗೆ ಕೊಳವೆಗಳ ಒಳಗೆ ಮಸಿ ಕಟ್ಟಿಕೊಳ್ಳುತ್ತಿತ್ತು. ಅದನ್ನು ಕೆರೆದು ತೆಗೆಯಲು ಬಡವರ ಮಕ್ಕಳನ್ನು ಕೊಳವೆಯೊಳಗೆ ಹತ್ತಿಸುತ್ತಿದ್ದರು. ಸ್ನಾನಕ್ಕೆ ಅನುಕೂಲವಿರಲಿಲ್ಲ. ಮಸಿ ದಿನಗಟ್ಟಲೆ ಮೈಗೆ ಅಂಟಿಕೊಂಡೇ ಇರುತ್ತಿತ್ತು. ಈ ಮಕ್ಕಳು ದೊಡ್ಡವರಾದ ಮೇಲೆ ಅವರಲ್ಲಿ ಅನೇಕರಿಗೆ ಚರ್ಮದ ಒಂದು ಬಗೆಯ ಕ್ಯಾನ್ಸರ್ ಬರುತ್ತಿತ್ತು. ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯರು ಇದನ್ನು ಗಮನಿಸಿ, ಮಸಿಯೇ ಕಾರಣ ಎಂದು 1775ರಲ್ಲಿ ಬರೆದರು.

1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಎಂಬ ವಿಜ್ಞಾನಿಗಳು ಇದನ್ನು ಪ್ರಯೋಗದಿಂದ ತೋರಿಸಿದರು. ಅವರು ಮೊಲಗಳ ಕಿವಿಗೆ ಕಲ್ಲಿದ್ದಲಿನ ಡಾಂಬರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಹಚ್ಚಿದರು. ಅಲ್ಲಿ ಕ್ಯಾನ್ಸರ್ ಬೆಳೆಯಿತು. ಒಂದು ಸಲ ಹಚ್ಚಿದ್ದರಿಂದ ಅಲ್ಲ, ತಿಂಗಳುಗಟ್ಟಲೆ ಹಚ್ಚಿದ್ದರಿಂದ ಎಂಬುದನ್ನು ನೆನಪಿಡಿ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಆ ಡಾಂಬರಿನಿಂದ ಬೆಂಜೋಪೈರೀನ್ ಎಂಬ ಕ್ಯಾನ್ಸರ್‌ಕಾರಕವನ್ನು ಬೇರ್ಪಡಿಸಿದರು. ಬೀಡಿ, ಸಿಗರೇಟುಗಳ ಹೊಗೆಯಲ್ಲೂ ಇದು ಇದೆ.

ನಮ್ಮ ಗಣಿಯ ಧೂಳು

ಈಗ ನಮ್ಮ ಊರಿಗೆ ಬರೋಣ. ಕೆ.ಜಿ.ಎಫ್.ನಲ್ಲಿ 1880ರ ದಶಕದಿಂದ ದೊಡ್ಡ ಪ್ರಮಾಣದಲ್ಲಿ ಗಣಿಗಾರಿಕೆ ನಡೆಯಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು.

ಇಲ್ಲಿನ ಚಿನ್ನ ಬೆಣಚುಕಲ್ಲಿನ ಎಳೆಗಳಲ್ಲಿ ಸೇರಿಕೊಂಡಿತ್ತು. ಬೆಣಚುಕಲ್ಲು ಎಂದರೆ ಸಿಲಿಕಾ ಎಂಬ ವಸ್ತುವಿನ ಹರಳು. ಅದನ್ನು ಕೊರೆದಾಗ, ಸಿಡಿಸಿದಾಗ, ಅರೆದಾಗ ತುಂಬಾ ಸಣ್ಣ ಧೂಳು ಏಳುತ್ತದೆ. ದಪ್ಪ ಧೂಳನ್ನು ನಮ್ಮ ಮೂಗಿನ ಕೂದಲು ಮತ್ತು ಸಿಂಬಳ ತಡೆಯುತ್ತವೆ. ಆದರೆ ತಲೆಕೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಸಣ್ಣ ಕಣಗಳು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಹೋಗಿಬಿಡುತ್ತವೆ.

ಅಲ್ಲಿ ಏನಾಗುತ್ತದೆ? ನಮ್ಮ ದೇಹದ ಕಾವಲುಗಾರ ಜೀವಕೋಶಗಳು ಈ ಕಣವನ್ನು ನುಂಗುತ್ತವೆ. ಆದರೆ ಕಲ್ಲಿನ ಕಣವನ್ನು ಅರಗಿಸಿಕೊಳ್ಳಲು ಅವುಗಳಿಂದ ಆಗುವುದಿಲ್ಲ. ಅವೇ ಸಾಯುತ್ತವೆ. ಕಣ ಮತ್ತೆ ಹೊರಬರುತ್ತದೆ. ಇನ್ನೊಂದು ಕಾವಲುಗಾರ ಜೀವಕೋಶ ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಹೀಗೆ ನಡೆಯುತ್ತಲೇ ಇದ್ದರೆ ಆ ಜಾಗದಲ್ಲಿ ಗಾಯದ ಕಲೆಯಂತೆ ಗಟ್ಟಿಯಾದ ಗಂಟುಗಳು ಬೆಳೆಯುತ್ತವೆ. ಶ್ವಾಸಕೋಶ ಹಿಗ್ಗಲಾರದು. ಉಸಿರು ಸಾಲದು. ಈ ಕಾಯಿಲೆಯ ಹೆಸರು ಸಿಲಿಕೋಸಿಸ್.

1940ರಿಂದ 1946ರವರೆಗೆ ಕೋಲಾರದ ಗಣಿಗಳ 7,600ಕ್ಕೂ ಹೆಚ್ಚು ಕಾರ್ಮಿಕರನ್ನು ವೈದ್ಯರು ಪರೀಕ್ಷಿಸಿದರು. ಪ್ರತಿ ಹತ್ತು ಜನರಲ್ಲಿ ನಾಲ್ಕಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು! ನಮ್ಮ ದೇಶದಲ್ಲಿ ಈ ಕಾಯಿಲೆಯ ಬಗ್ಗೆ ನಡೆದ ಆರಂಭದ ದೊಡ್ಡ ಅಧ್ಯಯನಗಳಲ್ಲಿ ಇದೂ ಒಂದು. ದೇಶಕ್ಕೆ ಚಿನ್ನ ಕೊಟ್ಟವರು ತಮ್ಮ ಉಸಿರನ್ನೇ ಬೆಲೆಯಾಗಿ ಕೊಟ್ಟಿದ್ದರು.

ಸಿಲಿಕಾ ಧೂಳಿಗೂ ಕ್ಯಾನ್ಸರಿಗೂ ಸಂಬಂಧವೇನು? ಗಾಯ ಮಾಯಬೇಕಾದರೆ ಹೊಸ ಜೀವಕೋಶಗಳು ಹುಟ್ಟಬೇಕು. ಜೀವಕೋಶ ಎರಡಾಗುವಾಗ ತನ್ನೊಳಗಿನ ಡಿ.ಎನ್.ಎ. ಎಂಬ ಸೂಚನೆಗಳ ಪಟ್ಟಿಯನ್ನು ನಕಲು ಮಾಡಿಕೊಳ್ಳುತ್ತದೆ. ನೀವು ಒಂದು ಪಾಠವನ್ನು ಒಂದು ಸಲ ನಕಲು ಮಾಡಿದರೆ ತಪ್ಪು ಕಡಿಮೆ. ನೂರು ಸಲ, ಅದೂ ಗಲಾಟೆಯ ನಡುವೆ ನಕಲು ಮಾಡಿದರೆ? ತಪ್ಪುಗಳು ಹೆಚ್ಚುತ್ತವೆ. ವರ್ಷಾನುಗಟ್ಟಲೆ ಮಾಯದ ಗಾಯವಿದ್ದರೂ ಹಾಗೆಯೇ. ಬಹುಪಾಲು ತಪ್ಪುಗಳನ್ನು ದೇಹವೇ ತಿದ್ದುತ್ತದೆ. ಆದರೆ 'ಬೆಳೆದದ್ದು ಸಾಕು, ನಿಲ್ಲಿಸು' ಎಂಬ ಸೂಚನೆಯೇ ಅಳಿಸಿಹೋದರೆ ಆ ಜೀವಕೋಶ ಹತೋಟಿ ಇಲ್ಲದೆ ಬೆಳೆಯುತ್ತಾ ಹೋಗಬಹುದು. ಅದೇ ಕ್ಯಾನ್ಸರ್. ಇದಕ್ಕೆ ಹಲವು ವರ್ಷಗಳು, ಕೆಲವೊಮ್ಮೆ ದಶಕಗಳೇ ಬೇಕು.

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1965ರಲ್ಲಿ ಹುಟ್ಟಿತು. ಅದು ಫ್ರಾನ್ಸಿನ ಲಿಯಾನ್ ನಗರದಲ್ಲಿದೆ. ಯಾವುದು ಕ್ಯಾನ್ಸರ್‌ಕಾರಕ, ಅದಕ್ಕೆ ಎಷ್ಟು ಪುರಾವೆ ಇದೆ ಎಂದು ಅದು ಪರಿಶೀಲಿಸಿ ಪಟ್ಟಿ ಮಾಡುತ್ತದೆ. ಉಸಿರಿನೊಡನೆ ಒಳಹೋಗುವ ಹರಳು ರೂಪದ ಸಿಲಿಕಾ ಧೂಳನ್ನು 1997ರಲ್ಲಿ ಈ ಸಂಸ್ಥೆ ಮೊದಲ ಗುಂಪಿಗೆ, ಅಂದರೆ 'ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ' ಎಂಬ ಗುಂಪಿಗೆ ಸೇರಿಸಿತು. ನಮ್ಮ ಗಣಿ ಮುಚ್ಚಲು ಆಗ ಇನ್ನು ನಾಲ್ಕೇ ವರ್ಷ ಉಳಿದಿತ್ತು.

ವಿಷ ಬೇರೆ, ಕ್ಯಾನ್ಸರ್‌ಕಾರಕ ಬೇರೆ

"ಹಾಗಾದರೆ ಸೈನೈಡ್?" ಎಂದು ನೀವು ಕೇಳಬಹುದು. ಅರೆದ ಕಲ್ಲಿನಿಂದ ಚಿನ್ನವನ್ನು ಕರಗಿಸಿ ತೆಗೆಯಲು ಸೈನೈಡ್ ದ್ರಾವಣವನ್ನು ಬಳಸುತ್ತಿದ್ದರು. ಗುಡ್ಡಕ್ಕೆ ಆ ಹೆಸರು ಬಂದದ್ದು ಹೀಗೆ.

ಸೈನೈಡ್ ಭಯಂಕರ ವಿಷ ಎಂಬುದು ನಿಜ. ಅದು ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ತಡೆದು ನಿಮಿಷಗಳಲ್ಲಿ ಕೊಲ್ಲಬಲ್ಲದು. ಆದರೆ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೈನೈಡ್ ಇಲ್ಲ! ವಿಷ ಬೇಗ ಕೆಲಸ ಮಾಡುತ್ತದೆ, ತಕ್ಷಣ ಗೊತ್ತಾಗುತ್ತದೆ. ಕ್ಯಾನ್ಸರ್‌ಕಾರಕ ಮೆಲ್ಲಗೆ ಕೆಲಸ ಮಾಡುತ್ತದೆ, ಬಹುಕಾಲ ಗೊತ್ತೇ ಆಗುವುದಿಲ್ಲ. ಕೆಲವು ವಸ್ತುಗಳು ಎರಡೂ ಆಗಿರಬಹುದು. ಆರ್ಸೆನಿಕ್ ಅದಕ್ಕೊಂದು ಉದಾಹರಣೆ.

ಬಿಸಿಲು, ಗಾಳಿಗೆ ಒಡ್ಡಿಕೊಂಡ ಸೈನೈಡ್ ಕಾಲಕ್ರಮೇಣ ಬಹುಮಟ್ಟಿಗೆ ಒಡೆದುಹೋಗುತ್ತದೆ. ಆದರೆ ಕಲ್ಲಿನ ಪುಡಿ ಒಡೆದುಹೋಗುವುದಿಲ್ಲ. ಅದು ನೂರು ವರ್ಷದ ನಂತರವೂ ಕಲ್ಲಿನ ಪುಡಿಯೇ. ಆ ಗುಡ್ಡದ ಹೆಸರು ಸೈನೈಡಿನ ಕಡೆಗೆ ಕೈ ತೋರಿಸುತ್ತದೆ. ಆದರೆ ಕ್ಯಾನ್ಸರ್‌ಕಾರಕ ಎಂಬ ಪದ ಅಂಟುವುದು ಅದರಲ್ಲಿರುವ ಸಿಲಿಕಾದ ಸಣ್ಣ ಧೂಳಿಗೆ. ಹೆಸರು ನೋಡಿ ಹೆದರಿದರೆ ನಿಜವಾಗಿ ಎಚ್ಚರ ವಹಿಸಬೇಕಾದ ವಸ್ತುವೇ ತಪ್ಪಿಹೋಗುತ್ತದೆ.

ಇಂಥ 13 ಗುಡ್ಡಗಳು ಸಾವಿರಕ್ಕೂ ಹೆಚ್ಚು ಎಕರೆ ಜಾಗದಲ್ಲಿ ಹರಡಿವೆ. ಉಳಿದ ಚಿನ್ನಕ್ಕಾಗಿ ಅವುಗಳನ್ನು ಮತ್ತೆ ಅಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅಗೆಯುವಾಗ ಧೂಳನ್ನು ಹೇಗೆ ತಡೆಯುತ್ತಾರೆ ಎಂಬುದು ನಾವೆಲ್ಲ ಕೇಳಬೇಕಾದ ಪ್ರಶ್ನೆ.

'ತರಬಹುದು' ಮತ್ತು 'ತಂದೇ ತರುತ್ತದೆ'

ಈಗ ಆ ಪದವನ್ನು ಎಚ್ಚರಿಕೆಯಿಂದ ಓದೋಣ. ಕ್ಯಾನ್ಸರ್‌ಕಾರಕ ಎಂದರೆ ಕ್ಯಾನ್ಸರ್ ತರುವ ಶಕ್ತಿ ಅದಕ್ಕಿದೆ ಎಂದು ಅರ್ಥ. ಅದರ ಹತ್ತಿರ ಹೋದ ಎಲ್ಲರಿಗೂ ಕ್ಯಾನ್ಸರ್ ಬಂದೇ ಬರುತ್ತದೆ ಎಂದು ಅರ್ಥವಲ್ಲ. ರಸ್ತೆಯಲ್ಲಿ ಅಪಘಾತ ಆಗಬಹುದು. ಹಾಗೆಂದು ರಸ್ತೆ ದಾಟಿದವರಿಗೆಲ್ಲ ಅಪಘಾತ ಆಗುವುದಿಲ್ಲ. ಆದರೆ ಕಣ್ಣು ಮುಚ್ಚಿ ದಿನವೂ ದಾಟುವವನಿಗೆ ಅಪಾಯ ಹೆಚ್ಚು.

ಆ ಪಟ್ಟಿಯ ಮೊದಲ ಗುಂಪಿನಲ್ಲಿ ತಂಬಾಕು ಇದೆ, ಬಿಸಿಲೂ ಇದೆ! ಹಾಗಾದರೆ ಎರಡೂ ಒಂದೇ ಸಮನಾದ ಅಪಾಯವೇ? ಖಂಡಿತ ಅಲ್ಲ. ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಮಾತ್ರ ಆ ಗುಂಪು ಹೇಳುತ್ತದೆ. ಅಪಾಯ ಎಷ್ಟು ಎಂದು ತಿಳಿಯಲು ನಾವು ನಾಲ್ಕು ಪ್ರಶ್ನೆ ಕೇಳಬೇಕು. ಯಾವ ವಸ್ತು? ಯಾವ ದಾರಿಯಿಂದ ದೇಹದೊಳಗೆ ಹೋಗುತ್ತದೆ? ಎಷ್ಟು ಪ್ರಮಾಣದಲ್ಲಿ? ಎಷ್ಟು ಕಾಲ?

ಬೆಣಚುಕಲ್ಲನ್ನು ಕೈಯಲ್ಲಿ ಹಿಡಿದರೆ ಏನೂ ಆಗದು. ಅದೇ ಕಲ್ಲಿನ ಸಣ್ಣ ಧೂಳನ್ನು ಮೂವತ್ತು ವರ್ಷ ದಿನವೂ ಉಸಿರಾಡಿದರೆ ಅಪಾಯ. ಅದರ ಜೊತೆಗೆ ಬೀಡಿಯೂ ಸೇರಿದರೆ ಅಪಾಯ ಇನ್ನೂ ಹೆಚ್ಚು.

ಮಾಡಿ ನೋಡಿ

ಕತ್ತಲೆ ಕೋಣೆಯ ಕಿಂಡಿಯಿಂದ ಬಿಸಿಲಿನ ಕೋಲು ಬೀಳುವ ಜಾಗ ಹುಡುಕಿ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಸೀಮೆಸುಣ್ಣದ ಪುಡಿ ಇರುವ ಡಸ್ಟರನ್ನು ಅಲ್ಲಿ ಒಮ್ಮೆ ತಟ್ಟಿ. ಸಣ್ಣ ಕಣಗಳು ಎಷ್ಟು ಹೊತ್ತು ತೇಲುತ್ತವೆ ಎಂದು ಎಣಿಸಿ. ಈಗ ಡಸ್ಟರಿಗೆ ಸ್ವಲ್ಪ ನೀರು ಚಿಮುಕಿಸಿ ಮತ್ತೆ ತಟ್ಟಿ. ವ್ಯತ್ಯಾಸ ಬರೆದುಕೊಳ್ಳಿ. ಸೀಮೆಸುಣ್ಣ ಕ್ಯಾನ್ಸರ್‌ಕಾರಕವಲ್ಲ. ಆದರೆ ಧೂಳಿನ ಗುಣ ಇದರಿಂದ ತಿಳಿಯುತ್ತದೆ. ಕಲ್ಲು ಕೊರೆಯುವಾಗ ನೀರು ಹಾಯಿಸಬೇಕು ಎಂದು ಹೇಳುವುದು ಇದಕ್ಕಾಗಿಯೇ. ನಿಮ್ಮ ಮನೆಯವರು ಕಲ್ಲು ಕ್ವಾರಿಯಲ್ಲೋ ಜಲ್ಲಿ ಕ್ರಷರಿನಲ್ಲೋ ಕೆಲಸ ಮಾಡುತ್ತಿದ್ದರೆ ಈ ಪ್ರಯೋಗವನ್ನು ಅವರಿಗೂ ತೋರಿಸಿ. ಬಟ್ಟೆ ಕಟ್ಟಿಕೊಂಡರೆ ದಪ್ಪ ಧೂಳು ಮಾತ್ರ ನಿಲ್ಲುತ್ತದೆ. ಸಣ್ಣ ಧೂಳಿಗೆ ಅದಕ್ಕೆಂದೇ ಮಾಡಿದ ಮಾಸ್ಕ್ ಬೇಕು.

ನಮ್ಮ ಕೈಯಲ್ಲಿರುವುದು

ಸೈನೈಡ್ ಗುಡ್ಡಗಳ ಮೇಲೆ ಜಾರುವ ಆಟ, ಓಟ ಬೇಡ. ಗಾಳಿ ಬೀಸುವ ದಿನ ಆ ಕಡೆಯ ಕಿಟಕಿ ಮುಚ್ಚಿ. ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ.

ಗುಡ್ಡಕ್ಕಿಂತ ಹತ್ತಿರದಲ್ಲಿ, ಅಂಗಡಿಯ ಮುಂದೆ ತೂಗುವ ಪೊಟ್ಟಣಗಳಲ್ಲೂ ಕ್ಯಾನ್ಸರ್‌ಕಾರಕಗಳಿವೆ. ಬೀಡಿ, ಸಿಗರೇಟು, ಜಗಿಯುವ ತಂಬಾಕು ಎಲ್ಲವೂ ಮೊದಲ ಗುಂಪಿನವು. 2004ರಲ್ಲಿ ಅಡಿಕೆಯೂ ಅದೇ ಗುಂಪಿಗೆ ಸೇರಿತು. ಕರ್ನಾಟಕದಲ್ಲಿ ಗುಟ್ಕಾವನ್ನು 2013ರಲ್ಲಿ ನಿಷೇಧಿಸಲಾಯಿತು. 2003ರ ಕಾನೂನು ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವುದನ್ನು ನಿಷೇಧಿಸಿತು, ಕರ್ನಾಟಕದಲ್ಲಿ ಈಗ 21 ವರ್ಷದೊಳಗಿನವರಿಗೆ ಅದನ್ನು ಮಾರುವಂತಿಲ್ಲ. ಧೂಳಿನ ಗಾಳಿಯನ್ನು ನೀವೊಬ್ಬರೇ ನಿಲ್ಲಿಸಲಾಗದು. ಆದರೆ ಈ ಪೊಟ್ಟಣವನ್ನು ಬೇಡ ಎನ್ನಲು ನಿಮಗೆ ಸಾಧ್ಯ.

ಆ ಹುಡುಗಿಯ ಕೊನೆಯ ಪ್ರಶ್ನೆ

ಅಂದು ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: "ಗುಡ್ಡದ ಹತ್ತಿರ ಮನೆ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಬರುತ್ತದೆ ಎಂದು ಯಾರೂ ಹೇಳಲಾರರು. ನಿಮ್ಮ ತಾತ ಗಣಿಯೊಳಗೆ ಉಸಿರಾಡಿದ ಧೂಳಿಗೂ ನಿನ್ನ ಮನೆಗೆ ಬರುವ ಧೂಳಿಗೂ ತುಂಬಾ ವ್ಯತ್ಯಾಸವಿದೆ. ಆದರೂ ಧೂಳಿನಿಂದ ದೂರವಿರುವುದು ಒಳ್ಳೆಯದು. ತಾತನನ್ನು ಮಾತ್ರ ತಪ್ಪದೆ ವೈದ್ಯರಿಗೆ ತೋರಿಸಿ."

ತರಗತಿ ಮುಗಿದ ಮೇಲೆ ಅವಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ತಾತನ ಕೆಮ್ಮು ನಮಗೆ ಅಂಟುತ್ತದಾ ಸರ್? ಮನೆಯಲ್ಲಿ ಅವರ ಲೋಟ, ತಟ್ಟೆ ಬೇರೆ ಇಟ್ಟಿದ್ದಾರೆ. ಅವರ ಪಕ್ಕ ಕೂರಬೇಡ ಅಂತಾರೆ."

ಕ್ಯಾನ್ಸರ್ ಒಬ್ಬರ ಪಕ್ಕದಲ್ಲಿ ಕುಳಿತರೆ ಅಂಟುವುದಿಲ್ಲ. ಸಿಲಿಕೋಸಿಸ್ ಕೂಡ ಅಂಟುವುದಿಲ್ಲ. ಆದರೆ ಸಿಲಿಕೋಸಿಸ್ ಇರುವವರಿಗೆ ಕ್ಷಯ ಬೇಗ ತಗಲುತ್ತದೆ. ಕ್ಷಯ ಗಾಳಿಯ ಮೂಲಕ ಹರಡಬಲ್ಲದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯೂ ಔಷಧಿಯೂ ಉಚಿತ, ಔಷಧಿಯಿಂದ ಗುಣವೂ ಆಗುತ್ತದೆ. ಆದ್ದರಿಂದ ಲೋಟ ಬೇರೆ ಇಡುವುದಕ್ಕಿಂತ ಪರೀಕ್ಷೆ ಮಾಡಿಸುವುದು ಮುಖ್ಯ. ಕ್ಯಾನ್ಸರಿನ ಅನುಮಾನವಿದ್ದರೆ ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ಬೇಗ ಪತ್ತೆಯಾದ ಕ್ಯಾನ್ಸರ್‌ಗಳಲ್ಲಿ ಹಲವನ್ನು ಇಂದು ಗುಣಪಡಿಸಬಹುದು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅವಳ ಕೈಗೆ ಕೊಟ್ಟೆ, ಮನೆಯಲ್ಲಿ ಓದಿ ಹೇಳು ಎಂದೆ.

ಮಕ್ಕಳೇ, ಹೊಸ ಪದವೊಂದು ಹೆದರಿಸಿದರೆ ಅದನ್ನು ಬಿಡಿಸಿ ನೋಡಿ. ಆಮೇಲೆ ಆ ನಾಲ್ಕು ಪ್ರಶ್ನೆ ಕೇಳಿ. ಹೆದರಿಕೆಯ ಜಾಗದಲ್ಲಿ ಎಚ್ಚರಿಕೆ ಬರುತ್ತದೆ.

ಯೋಚಿಸಿ, ಚರ್ಚಿಸಿ

1. 'ಜನಕ' ಎಂದು ಕೊನೆಯಾಗುವ ಇನ್ನೊಂದು ಮೂಲವಸ್ತುವಿನ ಹೆಸರು ಹೇಳಿ.
2. ಸೈನೈಡ್ ಮತ್ತು ಸಿಲಿಕಾ ಧೂಳು ಹಾನಿ ಮಾಡುವ ರೀತಿಯಲ್ಲಿ ಏನು ವ್ಯತ್ಯಾಸ?
3. ನಿಮ್ಮ ಊರಿನಲ್ಲಿ ಧೂಳು ಏಳುವ ಕೆಲಸಗಳು ಯಾವುವು? ಅಲ್ಲಿ ನೀರು ಚಿಮುಕಿಸುತ್ತಾರೆಯೇ? ದೂರದಿಂದ ನೋಡಿ ಪಟ್ಟಿ ಮಾಡಿ.
4. ಗಣಿಯಲ್ಲಿ ದುಡಿದ ಹಿರಿಯರೊಬ್ಬರನ್ನು ಮಾತನಾಡಿಸಿ. ಕಲ್ಲು ಕೊರೆಯುವಾಗ ಧೂಳು ಹೇಗಿತ್ತು, ಅದಕ್ಕೆ ಏನು ಮಾಡುತ್ತಿದ್ದರು ಎಂದು ಕೇಳಿ ಬರೆಯಿರಿ.